ಸಂಗೀತ ಕ್ಲಾಸೂ ಬೇಕು, ಅತ್ತೆಯ ನಗುಮುಖವೂ ಬೇಕು

ಪ್ರಶ್ನೆ: ನನಗೆ 41 ವರ್ಷ. ಧಾರವಾಡದಲ್ಲಿ ಪ್ರೈಮರಿ ಶಾಲೆ ಶಿಕ್ಷಕಿ. ಚಿಕ್ಕಂದಿನಿಂದ ಹಾಡು ಕಲಿಯುವ ಆಸೆ. ದೀಪಾವಳಿ ಆದಮೇಲೆ ಮಂಗಳವಾರ, ಶುಕ್ರವಾರ ಸಂಜೆ ಹಿಂದೂಸ್ತಾನಿ ಕ್ಲಾಸಿಗೆ ಸೇರಿದೆ. ಅತ್ತೆ ಜಗಳ ಆಡಲಿಲ್ಲ, ಮಾತು ಬಿಟ್ಟರು. ಆ ಎರಡು ದಿನ ರಾತ್ರಿ ಊಟವೂ ಬೇಡ ಎನ್ನುತ್ತಿದ್ದರು. ನಾದಿನಿ ಬೆಳಗಾವಿಯಿಂದ ಫೋನ್ ಮಾಡಿ, "ಈ ವಯಸ್ಸಿನ್ಯಾಗ ಹಾಡು ಕಲ್ತು ಏನ್ ಮಾಡಾಕಿ? ಮನಿ ಯಾರು ನೋಡ್ಬೇಕು?" ಅಂದಳು. ಯಜಮಾನರದ್ದು ಒಂದೇ ಮಾತು, "ನಿಂದು ನೀ ನೋಡ್ಕೊ." ತಿಂಗಳಿಗೇ ಕ್ಲಾಸು ಬಿಟ್ಟೆ. ಆಗ ಎಪಿಕ್ಟೆಟಸ್ ಎಂಬ ಗ್ರೀಕ್ ತತ್ವಜ್ಞಾನಿಯ ಬಗ್ಗೆ ಓದುತ್ತಿದ್ದೆ. ನಮ್ಮ ಕೈಲಿಲ್ಲದ್ದರ ಆಸೆ ಬಿಟ್ಟರೆ ಮನಸ್ಸು ಸ್ವತಂತ್ರ ಎನ್ನುತ್ತಾನೆ. ನಾನೂ ಬಿಟ್ಟೆ. ಸ್ವತಂತ್ರ ಎಲ್ಲಿ ಬಂತು? ಒಳಗೆ ಬರೀ ಸಿಟ್ಟು. ಹಾಡು ಬೇಕು ಅನ್ನುವುದು ಸ್ವಾರ್ಥವೇ?
– ಹೆಸರು ಬೇಡ, ಧಾರವಾಡ

ಉತ್ತರ: ಅಕ್ಕೋರೇ, ನೀವು ಓದಿದ್ದು ಸರಿಯಾಗಿದೆ, ಪಾಲು ಮಾಡಿದ್ದು ತಲೆಕೆಳಗಾಗಿದೆ. ಅತ್ತೆಯ ಮೌನ, ನಾದಿನಿಯ ಫೋನು ನಿಮ್ಮ ಕೈಲಿಲ್ಲ. ಮಂಗಳವಾರ ಸಂಜೆ ಹೊರಡಬೇಕೋ ಬೇಡವೋ ಅನ್ನುವ ತೀರ್ಮಾನ ನಿಮ್ಮದು. ನೀವು ಬಿಟ್ಟಿದ್ದು ತೀರ್ಮಾನವನ್ನು. ಹಿಡಿದುಕೊಂಡು ಕೂತಿದ್ದು ಅತ್ತೆಯ ಮುಖವನ್ನು. ಸಿಟ್ಟು ಬರದೆ ಇನ್ನೇನು ಬರುತ್ತದೆ?

ಎಪಿಕ್ಟೆಟಸ್ ಆರಾಮ ಕುರ್ಚಿಯಲ್ಲಿ ಕೂತು ಮಾತಾಡಿದವನಲ್ಲ. ಈಗಿನ ಟರ್ಕಿಯ ಹೈರಾಪೊಲಿಸ್‌ನಲ್ಲಿ ಹುಟ್ಟಿದವನು, ರೋಮ್‌ನಲ್ಲಿ ಗುಲಾಮನಾಗಿದ್ದವನು, ಕಾಲು ಕುಂಟು. ಬಿಡುಗಡೆಯಾದ ಮೇಲೆ ಪಾಠ ಹೇಳತೊಡಗಿದ. ಚಕ್ರವರ್ತಿ ಡೊಮಿಷಿಯನ್ ತತ್ವಜ್ಞಾನಿಗಳನ್ನೆಲ್ಲ ಊರು ಬಿಡಿಸಿದಾಗ ಗ್ರೀಸಿನ ನಿಕೊಪೊಲಿಸ್‌ಗೆ ಹೋಗಿ ಶಾಲೆ ತೆರೆದ. ನಿಮ್ಮ ಹಾಗೇ ಮೇಷ್ಟರು. ಒಂದಕ್ಷರ ತಾನೇ ಬರೆದಿಡಲಿಲ್ಲ. ನಮಗೆ ಸಿಕ್ಕಿದ್ದೆಲ್ಲ ಶಿಷ್ಯ ಆರಿಯನ್ ಬರೆದುಕೊಂಡದ್ದು.

ಅವನ ಪಾಠಗಳಲ್ಲಿ ನಿಮಗೆ ಬೇಕಾದದ್ದು ಲೆಟ್ಯೂಸ್ ಸೊಪ್ಪಿನ ಪಾಠ. ಯಾರದೋ ಮನೆಯ ಔತಣಕ್ಕೆ ನಿನ್ನನ್ನು ಕರೆಯಲಿಲ್ಲವೇ? ಸರಿ. ಆ ಊಟಕ್ಕೂ ಒಂದು ಬೆಲೆ ಇದೆ. ಆ ಯಜಮಾನನನ್ನು ಹೊಗಳಬೇಕು, ಅವನ ಬಾಗಿಲು ಕಾಯಬೇಕು. ಮಾರುಕಟ್ಟೆಯಲ್ಲಿ ಒಂದು ಒಬೊಲ್ ನಾಣ್ಯ ಕೊಟ್ಟವನಿಗೆ ಸೊಪ್ಪು ಸಿಗುತ್ತದೆ. ಕೊಡದವನ ಹತ್ತಿರ ನಾಣ್ಯ ಉಳಿಯುತ್ತದೆ. ನಾಣ್ಯವೂ ಉಳಿಯಬೇಕು, ಸೊಪ್ಪೂ ಬೇಕು ಅಂದರೆ ಅದು ದುರಾಸೆ, ದಡ್ಡತನ ಎಂದು ಬೈಯುತ್ತಾನೆ.

ನಿಮ್ಮ ಕ್ಲಾಸಿನ ಬೆಲೆ ಬರೀ ಫೀಸಲ್ಲ. ವಾರಕ್ಕೆ ಎರಡು ಸಂಜೆ ಅತ್ತೆಯ ಮುನಿಸು, ಆಗೀಗ ನಾದಿನಿಯ ಚುಚ್ಚುಮಾತು, "ಒಳ್ಳೆ ಸೊಸೆ" ಅನ್ನುವ ಹೆಸರಿಗೆ ಸ್ವಲ್ಪ ಕುಂದು. ಇಷ್ಟನ್ನು ಕೊಡಲು ತಯಾರಿದ್ದೀರಾ? ಇದ್ದರೆ ಹೋಗಿ. ಜಾಸ್ತಿ ಆಯ್ತು ಅನಿಸಿದರೆ ಬಿಡಿ, ಅದರಲ್ಲೂ ತಪ್ಪಿಲ್ಲ. ಆದರೆ ಬಿಟ್ಟಮೇಲೆ ಅತ್ತೆಯ ಮೇಲೆ ಸಿಟ್ಟಾಗಬೇಡಿ. ನಾಣ್ಯ ನಿಮ್ಮ ಹತ್ತಿರವೇ ಇದೆ ಅಲ್ವಾ? ನನ್ನನ್ನು ಕೇಳಿದರೆ, ಈ ಬೆಲೆ ಏನೂ ದುಬಾರಿಯಲ್ಲ.

ಇನ್ನು "ಮನೆ ಯಾರು ನೋಡಬೇಕು" ಅನ್ನುವ ನಿಮ್ಮ ನಾದಿನಿಯ ಪ್ರಶ್ನೆ. ಇದು ರೋಮ್‌ನಲ್ಲೂ ಇತ್ತು! ಎಪಿಕ್ಟೆಟಸ್‌ನ ಗುರು ಮುಸೋನಿಯಸ್ ರೂಫಸ್, ಹೆಂಗಸರೂ ತತ್ವಶಾಸ್ತ್ರ ಓದಬೇಕು ಎಂದು ವಾದಿಸುತ್ತಿದ್ದ. ಹಾಗಾದರೆ ಅವರು ಮನೆ ಬಿಟ್ಟು, ಉಣ್ಣೆ ನೂಲುವುದು ಬಿಟ್ಟು ಗಂಡಸರ ನಡುವೆ ಚರ್ಚೆಗೆ ಕೂರುತ್ತಾರೆ ಎಂದು ಜನ ತಕರಾರು ತೆಗೆದರು. ಓದಿನ ನೆಪದಲ್ಲಿ ತಮ್ಮ ಕೆಲಸ ಬಿಟ್ಟು ಕೂರುವುದು ಹೆಂಗಸರಿಗೂ ಸರಿಯಲ್ಲ, ಗಂಡಸರಿಗೂ ಸರಿಯಲ್ಲ ಎಂದು ಉತ್ತರ ಕೊಟ್ಟ. ಗಂಡಸರನ್ನೂ ಸೇರಿಸಿದ್ದನ್ನು ಗಮನಿಸಿ. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. "ನಿಂದು ನೀ ನೋಡ್ಕೊ" ಅನ್ನುವವರು ಆ ಎರಡು ಸಂಜೆ ಅವ್ವನ ತಾಟು ಹಾಕಿ, ಪಕ್ಕದಲ್ಲಿ ಕೂತು ಉಣ್ಣಿಸಲಿ. ಮಗ ಎದುರಿಗೆ ಕೂತರೆ ಉಪವಾಸ ಎಷ್ಟು ದಿನ ನಡೆದೀತು? ರೊಟ್ಟಿ ಬಡಿಯಲು ಆಗದಿದ್ದರೆ ಧಾರವಾಡದ ಅಂಗಡಿಗಳಲ್ಲಿ ಖಡಕ್ ರೊಟ್ಟಿಗೆ ಬರವಿಲ್ಲ.

ಅತ್ತೆಯವರ ಹತ್ತಿರ ಅಪ್ಪಣೆ ಕೇಳಬೇಡಿ, ಸುದ್ದಿ ಹೇಳಿ. "ಹೋಗಲೇನ್ರಿ ಅತ್ತಿ?" ಅಂದರೆ ಬೇಡ ಅನ್ನಲೇಬೇಕಾಗುತ್ತದೆ. "ಏಳೂವರೆಗೆ ಬರ್ತೀನ್ರಿ, ಪಲ್ಯ ಮಾಡಿಟ್ಟೀನಿ" ಅಂದು ಹೊರಡಿ. ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ಅವರು ಮಾತು ಬಿಟ್ಟರೂ ನೀವು ಬಿಡಬೇಡಿ. ವಯಸ್ಸಾದವರಿಗೆ ಸಂಜೆ ಹೊತ್ತು ಒಬ್ಬರೇ ಇರುವ ಬೇಸರವೂ ಇರಬಹುದು. ಅದನ್ನು ಸುಮ್ನೆ ಒಮ್ಮೆ ಕೇಳಿ ನೋಡಿ.

ಒಂದು ಎಚ್ಚರಿಕೆ. ಈ ಮಾತೆಲ್ಲ ಮುನಿಸಿನ ಮನೆಗೆ ಮಾತ್ರ. ಹೊಡೆತ ಇದ್ದರೆ, ನಿಮ್ಮ ಸಂಬಳ ಕಿತ್ತುಕೊಳ್ಳುತ್ತಿದ್ದರೆ ತತ್ವಜ್ಞಾನ ಪಕ್ಕಕ್ಕಿಟ್ಟು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ನಿಮ್ಮ ಪತ್ರದಲ್ಲಿ ಅಂಥದ್ದು ನನಗೆ ಕಾಣಲಿಲ್ಲ.

ಅಂದಹಾಗೆ, ಈ ಸಲ ಫೀಸನ್ನು ಮೂರು ತಿಂಗಳದ್ದು ಒಟ್ಟಿಗೇ ಕಟ್ಟಿಬಿಡಿ. ದುಡ್ಡು ಕೊಟ್ಟಾದ ಮೇಲೆ "ಕ್ಲಾಸು ಬಿಡು" ಅನ್ನಲು ಯಜಮಾನರೂ ಹಿಂದೆಮುಂದೆ ನೋಡುತ್ತಾರೆ.