ಮೇಜಿನ ಮೇಲೆ ಐದು ಕಡ್ಲೆಕಾಯಿ

ಶಾಲೆಗಳ ಕ್ರೀಡಾಕೂಟ ಶುರುವಾದರೆ ಸಾಕು, ಮನಸ್ಸಿನ ಭಾರ ಹೇಳಿಕೊಂಡು ಸಲಹೆ ಕೇಳೋಕೆ ನನ್ನ ಹತ್ತಿರ ಒಬ್ಬರಾದರೂ ಅಂಪೈರ್ ಬಂದೇ ಬರುತ್ತಾರೆ. ಪಿಟಿ ಮೇಷ್ಟ್ರ ಕೆಲಸಕ್ಕೆ ಸೇರಿ ವರ್ಷವೋ ಎರಡು ವರ್ಷವೋ ಆದ ಹುಡುಗರೇ ಜಾಸ್ತಿ. ದೂರೂ ಒಂದೇ, ಕೋಚ್ ಎಲ್ಲರ ಮುಂದೆ ಬೈದರು ಅಂತ. ಈ ಒಬ್ಬನ ವಿಷಯ ಬರೆಯೋಕೆ ಕಾರಣ ಬೇರೆ. ಅವನಿಗೆ ನಾನು ಕೊಟ್ಟ ಸಲಹೆ ತಪ್ಪು ಅಂತ ನನ್ನ ಜೊತೆ ಕೆಲಸ ಮಾಡುವವರೇ ಇವತ್ತಿಗೂ ಹೇಳುತ್ತಾರೆ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಕೋಲಾರ ಜಿಲ್ಲೆಯವನು. ತಾಲ್ಲೂಕು ಮಟ್ಟದ ಕಬಡ್ಡಿ, ಕೊನೇ ನಿಮಿಷದಲ್ಲಿ ರೈಡರ್‌ಗೆ, ಅಂದರೆ ಎದುರು ಅಂಕಣಕ್ಕೆ ನುಗ್ಗಿದ ಆಟಗಾರನಿಗೆ, ಬೋನಸ್ ಗೆರೆ ದಾಟಿದ ಅಂತ ಒಂದು ಬೋನಸ್ ಪಾಯಿಂಟ್ ಕೊಟ್ಟ. ಎದುರು ತಂಡ ಒಂದೇ ಪಾಯಿಂಟಲ್ಲಿ ಸೋತಿತು. ಆ ತಂಡದ ಕೋಚ್ ಯಾರು ಅಂದರೆ, ಇವನಿಗೆ ಹೈಸ್ಕೂಲಲ್ಲಿ ಆಟ ಕಲಿಸಿದ ಮೇಷ್ಟ್ರೇ. "ನಿಂಗೆ ಗೆರೆ ತೋರ್ಸಿದೋನೇ ನಾನು ಕಣೋ, ಬೋನಸ್ ಹೆಂಗೋ ಕೊಟ್ಟೆ?" ಅಂತ ಅಂಕಣಕ್ಕೇ ನುಗ್ಗಿದರಂತೆ. "ನನ್ನ ತೀರ್ಪೇ ಕೊನೆ, ಹೊರಗೆ ನಡೀರಿ ಸಾರ್" ಅಂದ ಇವನು. ಅವತ್ತಿಂದ ನಿದ್ದೆ ಇಲ್ಲ. ಬಸ್ ಸ್ಟ್ಯಾಂಡಲ್ಲಿ ಮೇಷ್ಟ್ರು ಕಂಡರೆ ಅಂಗಡಿ ಹಿಂದಕ್ಕೆ ಸರಿಯುತ್ತಾನೆ.

ಎರಡು ಸಲ ಬಂದಾಗಲೂ ಅವಮಾನದ ಮಾತೇ ಆಯಿತು, ನಾನೂ ಅದನ್ನೇ ನಂಬಿದ್ದೆ. ಮೂರನೇ ಸಲ ಕೈಯಲ್ಲಿ ಹುರಿದ ಕಡ್ಲೆಕಾಯಿ ಪೊಟ್ಟಣ ಇತ್ತು. ಸುಮ್ನೆ ಹೇಳಿದೆ, "ಅದನ್ನೇ ಜೋಡಿಸಿ ತೋರಿಸಪ್ಪಾ, ಯಾರ್ಯಾರು ಎಲ್ಲೆಲ್ಲಿದ್ರು?"

ಒಂದೊಂದಾಗಿ ಇಟ್ಟ. ಎಡ ಮೂಲೆ, ಬಲ ಮೂಲೆ, ಕವರ್ ಇಬ್ಬರು, ಮಧ್ಯ ಒಬ್ಬ. ಆರನೇದನ್ನು ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟ. ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಬೋನಸ್ ಸಿಗಬೇಕಾದರೆ ಅಂಕಣದಲ್ಲಿ ರೈಡರನ್ನು ಹಿಡಿಯೋ ಆಟಗಾರರು, ಅಂದರೆ ಡಿಫೆಂಡರ್, ಕನಿಷ್ಠ 6 ಜನ ಇರಬೇಕು, ಅದು ನನಗಿಂತ ಚೆನ್ನಾಗಿ ಅವನಿಗೇ ಗೊತ್ತು.

"ಐದೇ ಜನ ಸಾರ್. ಅವತ್ತೇ ಅನುಮಾನ ಬಂದಿತ್ತು."

ನಾನು ಹೇಳಿದ್ದು ಇಷ್ಟು. ಬೇಸ್‌ಬಾಲ್ ನಿಯಮ 8.02ರಲ್ಲಿ ಅಂಪೈರ್ ತೀರ್ಪನ್ನೇ ಎರಡು ಭಾಗ ಮಾಡಿದ್ದಾರೆ. ಔಟೋ ಸೇಫೋ, ಸ್ಟ್ರೈಕೋ ಬಾಲೋ ಅನ್ನೋದು ಅಂಪೈರ್ ಕಣ್ಣಿನ ತೀರ್ಪು, ಅದರ ಮೇಲೆ ವಾದ ಮಾಡೋ ಹಾಗಿಲ್ಲ. ತೀರ್ಪು ನಿಯಮಕ್ಕೇ ವಿರುದ್ಧ ಅನಿಸಿದರೆ ಮಾತ್ರ ತಂಡದ ಮ್ಯಾನೇಜರ್ ಕೇಳಬಹುದು. ನಿನ್ನ ಆಟಕ್ಕೂ ಹಾಗೇ ನೋಡು. ಬೋನಸ್ ಗೆರೆ ದಾಟುವಾಗ ರೈಡರ್‌ನ ಹಿಂದಿನ ಕಾಲು ಮೇಲಿತ್ತಾ ಇಲ್ಲವಾ ಅನ್ನೋದು ನಿನ್ನ ಕಣ್ಣಿಗೆ ಬಿಟ್ಟಿದ್ದು, ಅಲ್ಲಿ ಬಗ್ಗಬೇಡ. ಒಳಗೆ ಎಷ್ಟು ಜನ ಅನ್ನೋದು ಎಣಿಸೋ ವಿಷಯ, ಹತ್ತು ಹೆಜ್ಜೆ ದೂರದಲ್ಲಿ ಸ್ಕೋರರ್ ಹಾಳೆ ಇತ್ತು, ಶಿಳ್ಳೆ ಊದಿ ನೋಡಬಹುದಿತ್ತು. ಈಗ ಮೇಷ್ಟ್ರ ಮನೆಗೆ ಹೋಗಿ ಅದೊಂದು ತಪ್ಪು ಒಪ್ಪಿಕೋ. ಅವರು ಒಳಗೆ ನುಗ್ಗಿದ್ದೂ ತಪ್ಪೇ, ಅದಕ್ಕೆ ನೀನು ಕ್ಷಮೆ ಕೇಳಬೇಕಿಲ್ಲ.

"ಅಂಪೈರ್ ತಪ್ಪೊಪ್ಪಿಕೊಂಡ್ರೆ ನಾಳೆ ಶಿಳ್ಳೆಗೆ ಯಾರು ಬೆಲೆ ಕೊಡ್ತಾರೆ?" ಅಂತ ನನ್ನ ಜೊತೆಯವರ ವಾದ. ಇರಬಹುದು. ಆದರೆ ಅವನ ನಿದ್ದೆ ಕೆಡಿಸಿದ್ದು ಬೈಗುಳ ಅಲ್ಲ, ಆ ಆರನೇ ಕಡ್ಲೆಕಾಯಿ. ಇನ್ನೂ ಗಟ್ಟಿಯಾಗಿ ನಿಲ್ಲು ಅಂತ ಅವನಿಗೆ ಹೇಳೋಕೆ ನನ್ನ ಬಾಯಿ ಬರಲಿಲ್ಲ.

ಹೋಗಿ ಬಂದ ಮೇಲೆ ಫೋನ್ ಮಾಡಿದ. ಮೇಷ್ಟ್ರು ಪೂರ್ತಿ ಕೇಳಿ, ಕಾಫಿ ಕೊಟ್ಟು, "ನಂಗ್ಯಾಕಪ್ಪಾ ಹೇಳ್ತೀಯಾ, ಆಡಿದ್ದು ಹುಡುಗ್ರು, ಅವರಿಗೆ ಹೇಳು" ಅಂದರಂತೆ.

ಅದು ನನಗೂ ಹೊಳೆದಿರಲಿಲ್ಲ.