ನಮ್ಮ ಹುಡುಗಿಗೆ ಅ ಆ ಇ ಈ ಬರೋದಿಲ್ಲ

ತರೀಕೆರೆ ಕಡೆಯ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ:

"ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ 2ನೇ ಕ್ಲಾಸು. ನಲಿಕಲಿ ಅಂತ 1, 2, 3ನೇ ಕ್ಲಾಸಿನ ಮಕ್ಕಳನ್ನ ಒಂದೇ ರೂಮಿನಲ್ಲಿ ಕೂರಿಸುತ್ತಾರೆ. ಹೋಂವರ್ಕ್ ಇಲ್ಲ, ಕಾರ್ಡು ಹಿಡಿದು ಆಡುವುದೇ ಜಾಸ್ತಿ. ಯುಗಾದಿಗೆ ನಾದಿನಿ ಮನೆಯವರು ಬಂದಿದ್ದರು. ಕಾನ್ವೆಂಟಿಗೆ ಹೋಗುವ ಅವರ ಮಗ ಇಂಗ್ಲಿಷ್ ರೈಮ್ಸ್, 15ರವರೆಗೆ ಮಗ್ಗಿ ಎಲ್ಲಾ ಹೇಳಿದ. ನಮ್ಮವಳಿಗೆ ಅ ಆ ಇ ಈ ಕೂಡ ಸಾಲಾಗಿ ಬರಲಿಲ್ಲ. 'ಆಟ ಆಡಿಸೋಕೆ ಶಾಲೆ ಯಾಕೆ, ಮನೆ ಸಾಲದಾ?' ಅಂದರು ಅತ್ತೆ. ಜೂನಿಗೆ ಮೊದಲೇ ಟಿಸಿ ತೆಗೆಸೋಣ ಅನ್ನುತ್ತಾರೆ ಯಜಮಾನರು. ಮೊನ್ನೆ ಮಗಳು ತನ್ನ ತಮ್ಮನನ್ನ ಎದುರಿಗೆ ಕೂರಿಸಿಕೊಂಡು ಹಾಲಿನ ಪ್ಯಾಕೆಟ್ ತೋರಿಸಿ ಏನೋ ಓದಿಸುತ್ತಿದ್ದಳು. ಬೈದು ಎಬ್ಬಿಸಿದೆ. ಏನು ಮಾಡಲಿ?"

ಅಮ್ಮಾ, ಮೊದಲು ಯುಗಾದಿಯ ಮಾತು ಮುಗಿಸೋಣ. ನಿಮ್ಮ ಮಗಳಿಗೆ ಅ ಆ ಇ ಈ ಸಾಲಾಗಿ ಬರಲಿಲ್ಲ, ಯಾಕೆಂದರೆ ಶಾಲೆಯಲ್ಲಿ ಅದನ್ನ ಆ ಸಾಲಿನಲ್ಲಿ ಕಲಿಸಿಯೇ ಇಲ್ಲ. ನಲಿಕಲಿಯಲ್ಲಿ ಮೊದಲು ಬರುವುದು ರ ಗ ಸ ದ ಅ. ವಿಚಿತ್ರ ಅನ್ನಿಸಿತಾ? ಅ ಇಂದ ಔ ವರೆಗೆ ಕಲಿತ ಮಗು ಅಷ್ಟರಲ್ಲಿ ಓದಬಹುದಾದ ಪದ ಎಷ್ಟಿದೆ, ಯೋಚಿಸಿ. ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದೇ ರ ಗ ಸ ದ ಅ ಬಂದ ಮಗು ಸರ, ಅರಸ, ಅಗಸ, ದಸರ, ಗರಗಸ ಎಲ್ಲಾ ಓದಿಬಿಡುತ್ತದೆ. ಆಮೇಲೆ ಜ ವ ಮ ಬ ನ ಸೇರಿದರೆ ಮರ, ಜನ, ಬಸವ, ಗಮನ. ಐದೈದು ಅಕ್ಷರಕ್ಕೇ ಓದಿನ ರುಚಿ ಹತ್ತಲಿ ಅನ್ನುವ ಲೆಕ್ಕಾಚಾರ ಅದು. ವರ್ಣಮಾಲೆಯ ಸಾಲು ನಿಧಾನಕ್ಕೆ ಬರುತ್ತದೆ. ನಿಘಂಟು ನೋಡುವ ವಯಸ್ಸಿಗೆ ಬಂದರೆ ಸಾಕು.

ನನಗಂತೂ ಆ ವಯಸ್ಸಿನಲ್ಲಿ 49 ಅಕ್ಷರವೂ ಒಂದೇ ಉಸಿರಿಗೆ ಬರುತ್ತಿತ್ತು. ಮಗ್ಗಿಯೂ ಅಷ್ಟೇ. ಆದರೆ ಮೇಷ್ಟ್ರು ನಡುವೆ ನಿಲ್ಲಿಸಿ "ಏಳೆಂಟ್ಲಿ ಎಷ್ಟೋ?" ಅಂದರೆ ಕಥೆ ಮುಗಿಯಿತು. ಏಳೊಂದ್ಲಿ ಏಳರಿಂದ ಶುರು ಮಾಡಿ, ಗುಟ್ಟಾಗಿ ಬೆರಳು ಮಡಚುತ್ತಾ ಎಂಟಕ್ಕೆ ಬರುವಷ್ಟರಲ್ಲಿ ಬೆತ್ತ ಬಂದಿರುತ್ತಿತ್ತು. ಹಾಗಂತ ಮಗ್ಗಿ ಬೇಡ ಅನ್ನುವವನಲ್ಲ ನಾನು. ಇವತ್ತಿಗೂ ಅಂಗಡಿಯಲ್ಲಿ ಲೆಕ್ಕಕ್ಕೆ ಬರುವುದು ಅದೇ. ಬಾಯಿಪಾಠ ಅಂದ ಕೂಡಲೇ ಮೂಗು ಮುರಿಯುವ ಶಿಕ್ಷಣ ತಜ್ಞರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ. ನೆಂಟರ ಮುಂದೆ ಹೇಳಿಸಿ ಮಗುವನ್ನ ಅಳೆಯುವುದರ ಬಗ್ಗೆ ಮಾತ್ರ ನನ್ನ ತಕರಾರು.

ಈಗ ನಲಿಕಲಿ ವಿಷಯ. ಇದು ಬೆಂಗಳೂರಿನ ಆಫೀಸಿನಲ್ಲಿ ಹುಟ್ಟಿದ್ದಲ್ಲ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು ಶುರು ಮಾಡಿದ್ದು. ರಿಷಿವ್ಯಾಲಿ ಜಿಡ್ಡು ಕೃಷ್ಣಮೂರ್ತಿಯವರು ಕಟ್ಟಿದ ಶಾಲೆ. ಅದರ ಸುತ್ತಲಿನ ಹಳ್ಳಿಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ, ಒಬ್ಬರೇ ಟೀಚರ್ ಇರುವ ಪುಟ್ಟ ಶಾಲೆಗಳಿಗೆ ಅಂತಲೇ ಕಾರ್ಡುಗಳ ಪದ್ಧತಿ ಮಾಡಿದ್ದರು. ಕೋಟೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ಅದನ್ನ ಕನ್ನಡಕ್ಕೆ, ನಮ್ಮ ಪಾಠಗಳಿಗೆ ಒಗ್ಗಿಸಿಕೊಂಡರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1, 2ನೇ ತರಗತಿಗೆಲ್ಲಾ ಬಂತು, ಆಮೇಲೆ 3ಕ್ಕೂ.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಲಿಕಾ ಏಣಿ, ಅಂದರೆ ಕಾರ್ಡುಗಳನ್ನ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಸಾಲು. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ಇರುತ್ತದೆ. ಮಾಮೂಲಿ ಕ್ಲಾಸಿನಲ್ಲಿ ಮಗುವಿಗೆ ಸೀತಾಳೆ ಸಿಡುಬು ಎದ್ದು 15 ದಿನ ಮನೆಯಲ್ಲಿ ಉಳಿದರೆ ಪಾಠ ಮುಂದೆ ಹೋಗಿಬಿಟ್ಟಿರುತ್ತದೆ, ಮಗು ಹಿಂದೆಯೇ ಉಳಿಯುತ್ತದೆ. ಇಲ್ಲಿ ಬಿಟ್ಟ ಕಾರ್ಡಿನಿಂದಲೇ ಮತ್ತೆ ಶುರು. ಅಡಿಕೆ ಕೊಯ್ಲು, ಜಾತ್ರೆ, ಅಜ್ಜಿ ಮನೆ ಅಂತ ಶಾಲೆ ತಪ್ಪಿಸುವ ನಮ್ಮ ಹಳ್ಳಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಮಕ್ಕಳು ಕೂರುವ ಗುಂಪಿಗೆ ತಟ್ಟೆ ಅನ್ನುತ್ತಾರೆ, ಒಟ್ಟು ಐದು ತಟ್ಟೆ. ಒಂದರಲ್ಲಿ ಟೀಚರೇ ಕೂತು ಕಲಿಸುತ್ತಾರೆ. ಆಮೇಲಿನದರಲ್ಲಿ ಅವರ ಸಹಾಯ ಕಮ್ಮಿ, ಅದರ ನಂತರದ ಎರಡರಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ಮಗು ತಾನೇ ಮಾಡಬೇಕು.

ಇನ್ನು, ಮೂರು ಕ್ಲಾಸು ಒಂದೇ ರೂಮಿನಲ್ಲಿ ಅಂತ ಬೇಜಾರಾಗಿದ್ದೀರಿ. ಮಾಂಟೆಸ್ಸರಿ ಶಾಲೆಗಳಲ್ಲಿ 3ರಿಂದ 6 ವರ್ಷದ ಮಕ್ಕಳನ್ನ ಬೇಕಂತಲೇ ಒಟ್ಟಿಗೆ ಕೂರಿಸುತ್ತಾರೆ. ಬೆಂಗಳೂರಿನವರು ಅದಕ್ಕೆ ದುಡ್ಡು ಸುರಿದು ಕ್ಯೂ ನಿಲ್ಲುತ್ತಾರೆ. ಅದೇ ನಮ್ಮೂರ ಶಾಲೆಯಲ್ಲಿ ನಡೆದರೆ ಬಡತನ ಅನ್ನಿಸಿಬಿಡುತ್ತದೆ!

ಆದರೆ ಅತ್ತೆಯವರ ಮಾತನ್ನ ಪೂರ್ತಿ ತಳ್ಳಿಹಾಕಲಾರೆ. ನಲಿಕಲಿ ನಿಂತಿರುವುದು ಟೀಚರ್ ಮೇಲೆ. ಬಿಸಿಯೂಟದ ಲೆಕ್ಕ, ಚುನಾವಣೆ ಪಟ್ಟಿ, ಗಣತಿ ಎಲ್ಲಾ ಅವರ ತಲೆಗೇ ಕಟ್ಟಿದರೆ ಐದು ತಟ್ಟೆ ನೋಡುವವರು ಯಾರು? ಆಗ ಒಂದು ತಟ್ಟೆಗೆ ಪಾಠ ನಡೆಯುತ್ತದೆ, ಉಳಿದ ನಾಲ್ಕರಲ್ಲಿ ಮಕ್ಕಳು ಸುಮ್ನೆ ನಕಲು ಹೊಡೆಯುತ್ತಾ ಕೂರುತ್ತಾರೆ. ಕಾರ್ಡು ಹರಿದಿದ್ದರೂ, ಕಳೆದಿದ್ದರೂ ಏಣಿಯ ಮೆಟ್ಟಿಲೇ ಮುರಿದಂತೆ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ದೇಶದ ಹಳ್ಳಿಗಾಡಿನ ಸರ್ಕಾರಿ ಶಾಲೆಗಳ 3ನೇ ತರಗತಿ ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು ಶೇ 23.4 ಮಾತ್ರ. 2022ರಲ್ಲಿ ಶೇ 16.3 ಇತ್ತು, ಈಗ ಏರಿದೆ ನಿಜ. ಏರಿದ ಮೇಲೂ ನಾಲ್ವರಲ್ಲಿ ಮೂವರಿಗೆ ಆ ಪಾಠ ಓದಲು ಬರುವುದಿಲ್ಲ. ನಿಮ್ಮ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾಗಿ ಮನೆಯಲ್ಲೇ ನೋಡಿಬಿಡಿ. ಅವಳದೇ ಕಾರ್ಡು ಬೇಡ, ಅದು ಬಾಯಿಗೆ ಬಂದಿರುತ್ತದೆ. ಓದಿದ ಹಾಗೇ ಹೇಳುತ್ತಿರುತ್ತಾರೆ, ಬೆರಳು ನೋಡಿದರೆ ಎರಡು ಪದ ಮುಂದೆ ಓಡಿರುತ್ತದೆ. ಅವಳು ಎಂದೂ ನೋಡದ ಏನನ್ನಾದರೂ ಕೊಡಿ. ಮದುವೆ ಕಾಗದ ಆಗಬಹುದು, ಬಸ್ಸಿನ ಬೋರ್ಡು ಆಗಬಹುದು. ನಡುವಿನ ಪದ ತೋರಿಸಿ ಕೇಳಿ. 2ನೇ ಕ್ಲಾಸು ಮುಗಿಸುವ ಮಗು ಕಾಗುಣಿತದ ಪದಗಳನ್ನ ತಡವರಿಸಿಯಾದರೂ ಓದಬೇಕು. ಒತ್ತಕ್ಷರದಲ್ಲಿ ಎಡವಿದರೆ ಚಿಂತೆ ಬೇಡ, ದೊಡ್ಡವರೇ ಎಡವುತ್ತಾರೆ. ಸಲೀಸಾದ ಪದಗಳೇ ಬರಲಿಲ್ಲ ಅಂದರೆ ಮರುದಿನವೇ ಶಾಲೆಗೆ ಹೋಗಿ. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಅಂತ ಗುರುತು ಹಾಕಿದ ಪ್ರಗತಿ ನೋಟ ಟೀಚರ್ ಹತ್ತಿರ ಇರುತ್ತದೆ. ಜಗಳ ಬೇಡ, "ನಮ್ಮ ಹುಡುಗಿ ಎಲ್ಲಿದ್ದಾಳೆ ತೋರಿಸಿ ಮೇಡಂ" ಅನ್ನಿ.

ಹಾಲಿನ ಪ್ಯಾಕೆಟ್ ವಿಷಯ ಯಾಕೋ ಮನಸ್ಸಿನಿಂದ ಹೋಗುತ್ತಿಲ್ಲ. ಅದನ್ನ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಲ್ವಾ? ಇನ್ನೊಮ್ಮೆ ಓದಿಸುತ್ತಾ ಕೂತರೆ ಬಾಗಿಲ ಹಿಂದೆ ನಿಂತು ಕೇಳಿ ನೋಡಿ.

ಇಂಗ್ಲಿಷ್ ಬಗ್ಗೆ ಒಂದೇ ಮಾತು. ಸರ್ಕಾರಿ ಶಾಲೆಯಲ್ಲೂ 1ನೇ ತರಗತಿಯಿಂದಲೇ ಅದೊಂದು ಭಾಷೆಯಾಗಿ ಇದೆ. ಕನ್ನಡ ಓದಲು ಬಂದ ಮಗುವಿಗೆ ಅದು ಕಷ್ಟವಾಗಲಾರದು.

ಟಿಸಿ ಈಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಿಜವಾಗಿ ಕಣ್ಣಿಡಬೇಕಾದದ್ದು 4ನೇ ಕ್ಲಾಸಿನ ಮೇಲೆ. ಅಲ್ಲಿ ಏಣಿ, ತಟ್ಟೆ ಎಲ್ಲಾ ಮುಗಿದು ಇದ್ದಕ್ಕಿದ್ದಂತೆ ಎಲ್ಲರಿಗೂ ಒಂದೇ ಪುಟದ ಪಾಠ ಶುರುವಾಗುತ್ತದೆ. ಜಾಣ ಮಕ್ಕಳೂ ಅಲ್ಲಿ ತಬ್ಬಿಬ್ಬಾಗುವುದುಂಟು. ಅದಕ್ಕೆ ಇನ್ನೂ ಒಂದು ವರ್ಷ ಇದೆ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಯಜಮಾನರನ್ನೂ ಕರೆದುಕೊಂಡು ಹೋಗಿ, "4ಕ್ಕೆ ಹೋಗುವ ಮಕ್ಕಳಿಗೆ ಏನು ತಯಾರಿ ಮಾಡುತ್ತೀರಿ?" ಅಂತ ಕೇಳಿ. ಅವರು ಏನು ಹೇಳಿದರು ಅಂತ ನನಗೂ ಬರೆಯಿರಿ.

— ಸಂಪಾದಕ