ಓದುಗರ ಪ್ರಶ್ನೆ: ನಮ್ಮ ಸೂಪರ್‌ಹೀರೋಗೆ ಯಾವ ಸಂಗೀತ?

ಮುಂಬೈ, ಪುಣೆ, ಗೋವಾ ಕಡೆಯ ಕನ್ನಡ ಓದುಗರು ಈ ಸಲ ಕಳಿಸಿದ ಪತ್ರಗಳಲ್ಲಿ ಚಿತ್ರದ ಹಿನ್ನೆಲೆ ಸಂಗೀತದ ಪ್ರಶ್ನೆಗಳೇ ಹೆಚ್ಚು. ಮೊದಲ ಪತ್ರಕ್ಕೆ ಉದ್ದ ಉತ್ತರ ಬೇಕಿತ್ತು, ಹಾಗೇ ಕೊಟ್ಟಿದ್ದೇವೆ.

ಪ್ರಶ್ನೆ: ಗೆಳೆಯರು ಸೇರಿ 95 ನಿಮಿಷದ ಕನ್ನಡ ಸೂಪರ್‌ಹೀರೋ ಚಿತ್ರ ಮಾಡುತ್ತಿದ್ದೇವೆ. ನಾಯಕ ಕುಂದಾಪುರ ಕಡೆಯ ಹುಡುಗ, ಮುಂಬೈ ಫೋರ್ಟ್‌ನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾನೆ. ಲೋಕಲ್ ರೈಲಿನ ಮೇಲ್ತಂತಿಯ ವಿದ್ಯುತ್ತು ಮೈಯಲ್ಲಿ ಹರಿದು ಅವನಿಗೆ ಶಕ್ತಿ ಬರುತ್ತದೆ. ಒಬ್ಬರು ದೊಡ್ಡ ಆರ್ಕೆಸ್ಟ್ರಾ ಅನ್ನುತ್ತಾರೆ, ಒಬ್ಬರು ಡೊಳ್ಳು ತಮಟೆ ಅನ್ನುತ್ತಾರೆ, ಇನ್ನೊಬ್ಬರು ಪೂರ್ತಿ ಸಿಂಥ್ (ವಿದ್ಯುನ್ಮಾನ ವಾದ್ಯ) ಅನ್ನುತ್ತಾರೆ. ತೀರ್ಮಾನ ಮಾಡುವುದು ಹೇಗೆ?
(ಡೊಂಬಿವಲಿಯ ಓದುಗರು)

ಉತ್ತರ: ಮೂವರೂ ವಾದ್ಯದ ಹೆಸರು ಹೇಳಿದ್ದಾರೆ. ಅದಕ್ಕೂ ಮುಂಚೆ ಎರಡು ಪ್ರಶ್ನೆಗೆ ಒಂದೊಂದು ಸಾಲಿನ ಉತ್ತರ ಬರೆದುಕೊಳ್ಳಿ. ಶಕ್ತಿ ಎಲ್ಲಿಂದ ಬಂತು? ಆ ಹುಡುಗ ಯಾವ ಸದ್ದು ಕೇಳಿಕೊಂಡು ಬೆಳೆದ?

1978ರ ‘ಸೂಪರ್‌ಮ್ಯಾನ್’ಗೆ ಜಾನ್ ವಿಲಿಯಮ್ಸ್ ಪೂರ್ಣ ಸಿಂಫನಿ ಆರ್ಕೆಸ್ಟ್ರಾ ಬಳಸಿದರು. ಬೇರೆ ಗ್ರಹದಿಂದ ಬಂದವನಿಗೆ ಯಾವ ಊರಿನ ಗುರುತೂ ಇಲ್ಲದ ಆ ಭವ್ಯತೆ ಒಪ್ಪಿತು. 2008ರ ‘ದಿ ಡಾರ್ಕ್ ನೈಟ್’ನಲ್ಲಿ ಹಾನ್ಸ್ ಜಿಮ್ಮರ್ ಮತ್ತು ಜೇಮ್ಸ್ ನ್ಯೂಟನ್ ಹೊವಾರ್ಡ್ ಜೋಡಿಯ ಸಂಗೀತದಲ್ಲಿ ಜೋಕರ್‌ಗೆ ಸಿಕ್ಕಿದ್ದು ನರ ಹಿಂಡುವಂತೆ ಎಳೆದ ಚೆಲ್ಲೋ ನಾದ. 2018ರ ‘ಬ್ಲ್ಯಾಕ್ ಪ್ಯಾಂಥರ್’ಗಾಗಿ ಲುಡ್ವಿಗ್ ಯೊರಾನ್ಸನ್ ಸೆನೆಗಲ್‌ಗೆ ಹೋಗಿ ಅಲ್ಲಿನ ‘ತಮಾ’ ಎಂಬ ಮಾತಾಡುವ ಡೋಲನ್ನು ರಾಜನ ಗುರುತಾಗಿ ತಂದರು, ಆ ಸಂಗೀತಕ್ಕೆ ಆಸ್ಕರ್ ಬಂತು. ಮೂರಕ್ಕೂ ಶೈಲಿಯಲ್ಲಿ ಸಂಬಂಧವಿಲ್ಲ. ಆದರೆ ಮೂರರಲ್ಲೂ ನಾದ ಹುಟ್ಟಿದ್ದು ಪಾತ್ರದ ಒಳಗಿನಿಂದ.

ಈಗ ನಿಮ್ಮ ಹುಡುಗನ ವಿಷಯ. ಕುಂದಾಪುರದವನಿಗೆ ಡೊಳ್ಳು ಯಾಕೆ? ಡೊಳ್ಳು ಮಲೆನಾಡು, ಬಯಲುಸೀಮೆ, ಉತ್ತರ ಕರ್ನಾಟಕದ ವಾದ್ಯ. ಅವನ ಕಿವಿಯಲ್ಲಿರುವುದು ಬಡಗುತಿಟ್ಟು ಯಕ್ಷಗಾನದ ಚೆಂಡೆ, ಮದ್ದಲೆ. ‘ಕನ್ನಡದ್ದು’ ಎಂಬ ಒಂದೇ ಕಾರಣಕ್ಕೆ ಡೊಳ್ಳು ಇಟ್ಟರೆ ಕರಾವಳಿಯ ಪ್ರೇಕ್ಷಕನಿಗೆ ಮೊದಲ ಹತ್ತು ನಿಮಿಷದಲ್ಲೇ ಸುಳ್ಳು ಗೊತ್ತಾಗುತ್ತದೆ. ಯಕ್ಷಗಾನದಲ್ಲಿ ಕೆಲಸದ ಹಂಚಿಕೆ ಮೊದಲೇ ಆಗಿದೆ: ವೀರ, ರೌದ್ರಕ್ಕೆ ಚೆಂಡೆ ಏರುತ್ತದೆ, ಮೆತ್ತನೆಯ ಸನ್ನಿವೇಶಕ್ಕೆ ಮದ್ದಲೆ ಸಾಕು. ಅದನ್ನೇ ಚಿತ್ರದ ನಿಯಮ ಮಾಡಿಕೊಳ್ಳಿ. ಹೋಟೆಲು, ಚಾಳು, ಅಮ್ಮನ ಫೋನು ಇವಕ್ಕೆಲ್ಲ ಮದ್ದಲೆ. ಶಕ್ತಿ ಮೊದಲ ಸಲ ಹೊಮ್ಮುವವರೆಗೆ ಚೆಂಡೆಯ ಒಂದು ಪೆಟ್ಟೂ ಬೀಳಬಾರದು. ಟೈಟಲ್ ಕಾರ್ಡಿನಲ್ಲೂ ಬೇಡ. ಈ ಸಂಯಮ ಎಲ್ಲಕ್ಕಿಂತ ಕಷ್ಟ, ಫಲವೂ ಎಲ್ಲಕ್ಕಿಂತ ದೊಡ್ಡದು.

ಸಿಂಥ್ ಅಂದವರ ಮಾತಿನಲ್ಲೂ ಹುರುಳಿದೆ, ನಾದದ ಮೂಲ ನಿಮ್ಮ ಕಥೆಯಲ್ಲೇ ಇದೆ. ಮುಂಬೈ ಲೋಕಲ್‌ನ ಮೇಲ್ತಂತಿಯಲ್ಲಿ ಹರಿಯುವುದು 25,000 ವೋಲ್ಟಿನ, 50 ಹರ್ಟ್ಸ್ ವಿದ್ಯುತ್ತು. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ಅದರ ಎರಡರಷ್ಟರಲ್ಲಿ, 100 ಹರ್ಟ್ಸ್‌ನಲ್ಲಿ. ಇದೇ ನಿಮ್ಮ ಶ್ರುತಿಯಾಗಲಿ. ಹತ್ತಿರದ ಸ್ವರ ಜಿ, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದು. ಆದರೆ ಜಿ 98 ಹರ್ಟ್ಸ್‌ನಲ್ಲಿದೆ. ಗುಂಯ್‌ಗುಟ್ಟುವಿಕೆಯನ್ನು ಹಾಗೇ ಬಿಟ್ಟರೆ ಚೆಲ್ಲೋ ಜೊತೆ ಸೇರಿದಾಗ ಸೆಕೆಂಡಿಗೆ ಎರಡು ಸಲ ನಾದ ಅಲುಗುತ್ತದೆ. ಸ್ಯಾಂಪ್ಲರ್‌ನಲ್ಲಿ ಅದನ್ನು 35 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿಸಿ, ಷಡ್ಜ ಕೂಡಿಕೊಳ್ಳುತ್ತದೆ. ಶಕ್ತಿ ಕೈಮೀರುವ ದೃಶ್ಯದಲ್ಲಿ ಬೇಕೆಂದೇ ಇಳಿಸದೆ ಬಿಡಿ, ಆ ಅಲುಗಾಟವೇ ಭಯ ಹುಟ್ಟಿಸುತ್ತದೆ. ಫೋನಿನ ಸ್ಪೀಕರ್‌ನಲ್ಲಿ 100 ಹರ್ಟ್ಸ್ ಸರಿಯಾಗಿ ಕೇಳುವುದಿಲ್ಲ. ಸ್ವಲ್ಪ ಡಿಸ್ಟಾರ್ಷನ್ ಹಾಕಿ 200, 300, 400 ಹರ್ಟ್ಸ್‌ನ ಉಪನಾದಗಳನ್ನು ಎಬ್ಬಿಸಿ.

ಆರ್ಕೆಸ್ಟ್ರಾ ಪೂರ್ತಿ ಬೇಡವೆನ್ನುವುದಿಲ್ಲ, ಆದರೆ ಕೆಳಗಿನ ತಂತಿವಾದ್ಯಗಳು ಸಾಕು, ಚೆಲ್ಲೋ ಮತ್ತು ಡಬಲ್ ಬೇಸ್. ಸ್ಯಾಂಪಲ್ ಲೈಬ್ರರಿ (ಮೊದಲೇ ಮುದ್ರಿಸಿಟ್ಟ ವಾದ್ಯಸ್ವರಗಳ ಸಂಗ್ರಹ) ಬಳಸುವುದಾದರೆ ಮೇಲೊಬ್ಬ ನಿಜವಾದ ಚೆಲ್ಲೋ ವಾದಕರಿಂದ ಅದೇ ಸಾಲನ್ನು ನಾಲ್ಕು ಸಲ ನುಡಿಸಿ ಸೇರಿಸಿ. ಬಿಲ್ಲಿನ ಆ ಗೀರು ಬಂದರೆ ಕೆಳಗಿರುವ ಸ್ಯಾಂಪಲ್‌ಗೂ ಜೀವ ಬಂದಂತೆ ಕೇಳುತ್ತದೆ. ಹೆಚ್ಚಿನ ಲೆಗಾಟೊ (ಸ್ವರದಿಂದ ಸ್ವರಕ್ಕೆ ಕಡಿಯದೆ ಸಾಗುವ) ಸ್ಯಾಂಪಲ್‌ಗಳು ಒತ್ತಿದ ಮೇಲೆ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಿ ಸ್ವರ ತಲುಪುತ್ತವೆ. ಚೆಂಡೆಯ ಚೂಪು ಪೆಟ್ಟಿನ ಪಕ್ಕ ಇದು ಎದ್ದು ಕಾಣುತ್ತದೆ. ಆ ಟ್ರ್ಯಾಕ್ ಅಷ್ಟೇ ಮುಂಚೆ ಶುರುವಾಗುವಂತೆ ಎಳೆಯಿರಿ.

ಕೊನೆಗೆ ಪರೀಕ್ಷೆ. ಮೂರು ದೃಶ್ಯ ಆರಿಸಿ: ಶಕ್ತಿ ಮೊದಲು ಕಾಣುವುದು, ಮಾತಿಲ್ಲದ ದುಃಖದ ದೃಶ್ಯ, ಕೊನೆಯ ಹೊಡೆದಾಟ. ಒಂದೊಂದಕ್ಕೆ 60ರಿಂದ 90 ಸೆಕೆಂಡು ಸಂಗೀತ ಕಟ್ಟಿ. ಹೊಡೆದಾಟಕ್ಕೆ ಯಾವ ಶೈಲಿಯಾದರೂ ಹೇಗೋ ಒಪ್ಪುತ್ತದೆ. ದುಃಖದ ದೃಶ್ಯದಲ್ಲಿ ಸೋತ ಶೈಲಿಯನ್ನು ಕೈಬಿಡಿ. 95 ನಿಮಿಷದ ಚಿತ್ರಕ್ಕೆ ಸುಮಾರು 50 ನಿಮಿಷ ಸಂಗೀತ ಬೇಕು ಅಂದುಕೊಳ್ಳಿ. ದಿನಕ್ಕೆ ಎರಡು ನಿಮಿಷದ ಲೆಕ್ಕದಲ್ಲಿ ಬರವಣಿಗೆಗೇ 25 ದಿನ, ತಿದ್ದುವುದು ಬೇರೆ. ಅದಕ್ಕೇ ಈ ಪರೀಕ್ಷೆ ಎಡಿಟಿಂಗ್ ಮುಗಿಯುವ ಮೊದಲೇ ಆಗಬೇಕು.

ಪ್ರಶ್ನೆ: ನಾಯಕನ ಥೀಮನ್ನು ರಾಗದಲ್ಲಿ ಕಟ್ಟಿದೆ. ಕೇಳಿದವರೆಲ್ಲ ‘ದೇವರ ಹಾಡಿನ ಹಾಗಿದೆ’ ಅಂದರು. ರಾಗ ಬಿಟ್ಟುಬಿಡಬೇಕೇ?
(ಪುಣೆ, ಔಂಧ್)

ಉತ್ತರ: ರಾಗ ಯಾವುದೆಂದು ನೀವು ಬರೆದಿಲ್ಲ. ಹಂಸಧ್ವನಿಯಾದರೆ ಆಶ್ಚರ್ಯವಿಲ್ಲ, ‘ವಾತಾಪಿ ಗಣಪತಿಂ’ ಕೇಳಿದ ಕಿವಿಗೆ ಅದು ಗಣಪತಿಯೇ. ರೇವತಿಯಾದರೆ ಮಂತ್ರಘೋಷದ ನೆನಪು ತರುತ್ತದೆ. ಬಿಡುವ ಮೊದಲು ಮೋಹನದಲ್ಲಿ ಪ್ರಯತ್ನಿಸಿ (ಪುಣೆಯ ಗೆಳೆಯರಿಗೆ ಭೂಪ್ ಅನ್ನಿ, ಅರ್ಥವಾಗುತ್ತದೆ). ಥೀಮಿನ ಉದ್ದ ಐದರಿಂದ ಏಳು ಸ್ವರ ಸಾಕು, ಷಡ್ಜದಿಂದ ಪಂಚಮಕ್ಕೆ ನೇರ ಜಿಗಿತವಿರಲಿ, ಗಮಕ ಬೇಡ. ಭಕ್ತಿಯ ಭಾವ ಬಹುಪಾಲು ಬರುವುದು ಗಮಕದಿಂದ ಮತ್ತು ತಂಬೂರಿಯಿಂದ, ಸ್ವರಗಳಿಂದಲ್ಲ.

ಮೋಹನಕ್ಕೆ ಇನ್ನೊಂದು ಅನುಕೂಲವಿದೆ. ಅದರ ಅಂತರ ಗಾಂಧಾರವನ್ನು ಸಾಧಾರಣ ಗಾಂಧಾರಕ್ಕೆ ಇಳಿಸಿದರೆ ಶಿವರಂಜನಿ. ಒಂದೇ ಸ್ವರ ಬದಲಾಯಿತು, ಗೆದ್ದವನ ಥೀಮ್ ಸೋತವನದ್ದಾಯಿತು. ದುಃಖದ ದೃಶ್ಯಕ್ಕೆ ಹೊಸ ರಾಗ ಹುಡುಕಬೇಕಿಲ್ಲ.

ಎಡವುವುದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಕುವಾಗ. ಮೋಹನದ ಐದು ಸ್ವರಗಳೊಳಗೆ ಸಿಗುವ ಮೂರು ಸ್ವರದ ಕಾರ್ಡ್ ಎರಡೇ: ಸ-ಗ-ಪ ಮತ್ತು ದ-ಸ-ಗ. ಮೂರನೆಯದಕ್ಕೆ ಕೈ ಹಾಕಿದರೆ ಮಧ್ಯಮವೋ ನಿಷಾದವೋ ನುಸುಳುತ್ತದೆ, ರಾಗದ ಬಣ್ಣ ಹೋಗುತ್ತದೆ. ಎರಡು ಕಾರ್ಡ್ ಸಾಲದು ಅನಿಸಿದರೆ ಏಳು ಸ್ವರದ ಕಲ್ಯಾಣಿಗೆ ಹೋಗಿ, ಅದರ ಪ್ರತಿ ಮಧ್ಯಮ (ಏರಿಸಿದ ಮ) ಹಾರಾಟದ ದೃಶ್ಯಕ್ಕೆ ಹೇಳಿ ಮಾಡಿಸಿದ್ದು.

ಪ್ರಶ್ನೆ: ನಾನು ಎಡಿಟರ್. ಹೊಡೆದಾಟದ ದೃಶ್ಯಕ್ಕೆ ಹಾಲಿವುಡ್ ಚಿತ್ರವೊಂದರ ಸಂಗೀತವನ್ನು ತಾತ್ಕಾಲಿಕವಾಗಿ ಇಟ್ಟೆ. ಈಗ ನಿರ್ದೇಶಕರಿಗೆ ಬೇರೆ ಏನೂ ರುಚಿಸುತ್ತಿಲ್ಲ.
(ಪುಣೆ, ಕೋಥ್ರೂಡ್)

ಉತ್ತರ: ಇಂಥ ತಾತ್ಕಾಲಿಕ ಸಂಗೀತ, ಅಂದರೆ ಟೆಂಪ್ ಟ್ರ್ಯಾಕ್, ಮೂರು ತಿಂಗಳು ಕಿವಿಯಲ್ಲಿ ಕೂತರೆ ದೃಶ್ಯದ ಭಾಗವೇ ಆಗಿಬಿಡುತ್ತದೆ. ನಿರ್ದೇಶಕರ ಜೊತೆ ವಾದಕ್ಕಿಳಿಯುವ ಬದಲು ಅವರಿಗೆ ಅದರಲ್ಲಿ ಹಿಡಿಸಿದ್ದೇನೆಂದು ಕೇಳಿ ಬರೆದುಕೊಳ್ಳಿ. ಸಂಗೀತ ಯಾವ ಫ್ರೇಮಿನಲ್ಲಿ ಶುರು, ಎಲ್ಲಿ ನಿಲ್ಲುತ್ತದೆ, ಲಯ ಎಷ್ಟು, ಎಲ್ಲಿ ದಟ್ಟ, ಎಲ್ಲಿ ತೆಳು. ಬಹಳ ಸಲ ಅವರಿಗೆ ಇಷ್ಟವಾಗಿರುವುದು ಲಯ ಮಾತ್ರ. ಆಮೇಲೆ ಟ್ರ್ಯಾಕ್ ತೆಗೆದು ಬರೀ ಕ್ಲಿಕ್ (ಲಯ ತೋರಿಸುವ ಟಕ್ ಟಕ್ ಸದ್ದು) ಇಟ್ಟು ಒಂದು ವಾರ ಕೆಲಸ ಮಾಡಿ.

ಲಯದ ಲೆಕ್ಕ ಸುಲಭ. 24 ಫ್ರೇಮಿನ ಚಿತ್ರದಲ್ಲಿ ನಿಮಿಷಕ್ಕೆ 1440 ಫ್ರೇಮು. ಅದನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಪೆಟ್ಟು ಎಂಬ ಲೆಕ್ಕ) ಭಾಗಿಸಿದರೆ ಒಂದು ಪೆಟ್ಟಿಗೆ ಎಷ್ಟು ಫ್ರೇಮೆಂದು ಸಿಗುತ್ತದೆ. 120ಕ್ಕೆ 12, 144ಕ್ಕೆ 10, 96ಕ್ಕೆ 15. ಹೀಗೆ ಪೂರ್ಣ ಸಂಖ್ಯೆ ಬರುವ ಲಯ ಹಿಡಿದರೆ ಪ್ರತಿ ಪೆಟ್ಟೂ ಸರಿಯಾಗಿ ಒಂದು ಫ್ರೇಮಿನ ಮೇಲೆ ಕೂರುತ್ತದೆ. ಎಲ್ಲರೂ ಬಳಸುವ ನಾಲ್ಕರ ನಡೆಯಿಂದ ತಪ್ಪಿಸಿಕೊಳ್ಳಲು ಏಳರ ನಡೆಯ ತ್ರಿವುಡೆ ನೋಡಿ. 168 ಬಿಪಿಎಂನಲ್ಲಿ ಏಳು ಪೆಟ್ಟಿನ ಒಂದು ಆವರ್ತ ಸರಿಯಾಗಿ 2.5 ಸೆಕೆಂಡು, 60 ಫ್ರೇಮು. ಮುಗ್ಗರಿಸಿ ಮುನ್ನುಗ್ಗುವ ಓಟ ತಾನಾಗಿ ಬರುತ್ತದೆ, ಟೆಂಪ್ ಟ್ರ್ಯಾಕಿನ ನೆನಪೂ ಬರುವುದಿಲ್ಲ. ಲೆಕ್ಕ ಹಾಕುವ ಮೊದಲು ಪ್ರಾಜೆಕ್ಟ್ 24 ಫ್ರೇಮೋ 25 ಫ್ರೇಮೋ ಎಂದು ಸಂಗೀತ ನಿರ್ದೇಶಕರಿಗೆ ಬರೆದು ತಿಳಿಸಿ. 24ರಲ್ಲಿ ಒಂದು ನಿಮಿಷದ ದೃಶ್ಯ 25ರಲ್ಲಿ ಓಡಿದರೆ 57.6 ಸೆಕೆಂಡಿಗೆ ಮುಗಿಯುತ್ತದೆ, ಕೊನೆಯ ಪೆಟ್ಟು ಎರಡು ಸೆಕೆಂಡು ಆಚೆ ಬೀಳುತ್ತದೆ.

ಪ್ರಶ್ನೆ: ಇಲ್ಲಿ ನಮ್ಮ ವಿಜಯಪುರ, ಬಾಗಲಕೋಟೆ ಕಡೀ ಹಲಿಗಿ ಬಡಿಯೋ ನಾಕು ಮಂದಿ ಅದಾರ. ಗೋವಾದ ಘುಮಟ್ (ಮಡಕೆಗೆ ಚರ್ಮ ಬಿಗಿದ ವಾದ್ಯ) ನುಡಿಸೋರೂ ಸಿಗ್ತಾರ. ಸಣ್ಣ ಚಿತ್ರಕ್ಕ ಇವರನ್ನ ರೆಕಾರ್ಡ್ ಮಾಡಬೇಕಂತೀವಿ. ಏನೇನು ನೋಡಿಕೋಬೇಕು?
(ವಾಸ್ಕೊ)

ಉತ್ತರ: ಮೊದಲು ಕಾಲ ನೋಡಿಕೊಳ್ಳಿ. ಮಳೆಗಾಲದ ತೇವಕ್ಕೆ ಹಲಗೆಯ ಚರ್ಮ ಸಡಿಲಾಗಿ ಸದ್ದು ಮಂಕಾಗುತ್ತದೆ. ಬೆಂಕಿಗೆ ಕಾಯಿಸಿ ಬಿಗಿ ಮಾಡಿಕೊಂಡು ಬಂದರೂ ಎಸಿ ಕೋಣೆಯಲ್ಲಿ ಅದರ ಸ್ಥಾಯಿ ಮತ್ತೆ ಬದಲಾಗುತ್ತದೆ. ಹಾಗಾಗಿ ಪ್ರತಿ ಟೇಕಿಗೂ ಮುಂಚೆ ಒಂದೊಂದು ಪೆಟ್ಟು ಕೇಳಿ ಹೋಲಿಸಿ, ಒಂದು ದೃಶ್ಯದ ಎಲ್ಲ ಟೇಕನ್ನೂ ಒಂದೇ ಬೈಠಕ್ಕಿನಲ್ಲಿ ಮುಗಿಸಿ. ಚೌತಿಯ ಹೊತ್ತಿಗೆ ಘುಮಟ್ ವಾದಕರು ಆರತಿಗಳಲ್ಲಿ ಬಿಡುವಿಲ್ಲದೆ ಇರುತ್ತಾರೆ, ಆ ದಿನಗಳಿಗೆ ಕೆಲಸ ಇಟ್ಟುಕೊಳ್ಳಬೇಡಿ. ಘುಮಟ್‌ಗೆ ಹಿಂದೆ ಉಡದ ಚರ್ಮ ಹಾಕುತ್ತಿದ್ದರು, ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ. ಆಡಿನ ಚರ್ಮದ ವಾದ್ಯವೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಘುಮಟ್‌ಗೆ ಎರಡು ಮೈಕ್ ಬೇಕು, ಚರ್ಮದ ಕಡೆ ಒಂದು, ಅಂಗೈಯಿಂದ ಮುಚ್ಚಿ ತೆರೆಯುವ ಬಾಯಿಯ ಕಡೆ ಒಂದು. ಆ ಮಡಕೆಯ ಉಸಿರು ಇರುವುದು ಎರಡನೆಯದರಲ್ಲೇ. ಎರಡನ್ನೂ ಕೂಡಿಸಿದಾಗ ಸದ್ದು ತೆಳುವಾದರೆ ಒಂದರ ಪೊಲಾರಿಟಿ (ಅಲೆಯ ಏರಿಳಿತ) ತಿರುಗಿಸಿ ಕೇಳಿ. ಹಲಗೆಗೆ ಮೈಕ್ 40 ಸೆಂಟಿಮೀಟರಿಗಿಂತ ಹತ್ತಿರ ಬೇಡ. ದೂರಕ್ಕೆ, ಎರಡು ಮೂರು ಮೀಟರ್ ಆಚೆ, ಒಂದು ಜೋಡಿ ಇಡಿ. 48 ಕಿಲೋಹರ್ಟ್ಸ್, 24 ಬಿಟ್, ಅತಿ ಜೋರಿನ ಪೆಟ್ಟೂ ಮೈನಸ್ 12 ಡೆಸಿಬಲ್ ದಾಟದಿರಲಿ. ತಗಡಿನ ಮಾಡಿನ ಹಾಲ್ ಆದರೆ ಗೋಡೆಗೆ ಹಾಸಿಗೆ ಆನಿಸಿ.

ನಾಲ್ಕು ಮಂದಿಯನ್ನು ಹನ್ನೆರಡು ಮಂದಿಯಂತೆ ಕೇಳಿಸಲು ಮೂರು ಸಲ ನುಡಿಸಬೇಕು. ಪ್ರತಿ ಸಲವೂ ನಿಂತ ಜಾಗ ಬದಲಿಸಿ, ಹಲಗೆಗಳನ್ನು ಅದಲುಬದಲು ಮಾಡಿ. ಹಾಗೆ ಮಾಡದಿದ್ದರೆ ಹನ್ನೆರಡು ಮಂದಿಯ ಬದಲು ನಾಲ್ಕೇ ಮಂದಿ ಕೊಳವೆಯೊಳಗೆ ಬಡಿದಂತಾಗುತ್ತದೆ.

ಹೆಡ್‌ಫೋನ್ ಹಾಕಿ ಕ್ಲಿಕ್‌ಗೆ ನುಡಿಸಿ ಅಂತ ಎಲ್ಲರಿಗೂ ಹೇಳಬೇಡಿ. ಹಲಗೆಯವರ ಲಯ ಕಾಲಿನಲ್ಲಿ, ಪಕ್ಕದವನ ಕಣ್ಣಿನಲ್ಲಿ ಇರುತ್ತದೆ. ತಾಳ ಹಾಕುವ ಒಬ್ಬರಿಗೆ ಮಾತ್ರ ಕ್ಲಿಕ್ ಕೊಡಿ, ಉಳಿದವರು ಅವರನ್ನು ನೋಡಿ ಬಡಿಯಲಿ. ಕಾವೇರಿದಾಗ ಲಯ ಏರುವುದು ಸಹಜ. ಒಂದು ಟೇಕ್ ಕ್ಲಿಕ್ಕೇ ಇಲ್ಲದೆ ತೆಗೆದುಕೊಳ್ಳಿ, ಆಮೇಲೆ ಟೆಂಪೊ ಮ್ಯಾಪ್ ಮಾಡಬಹುದು, ಅಂದರೆ ಅವರ ಲಯ ಏರಿದಂತೆ ಕಂಪ್ಯೂಟರಿನ ಲಯವನ್ನೂ ಹೊಂದಿಸಬಹುದು. ಬಹಳ ಸಲ ಜೀವ ಇರುವುದು ಆ ಟೇಕಿನಲ್ಲೇ. ಹೊರಡುವ ಮುಂಚೆ ಬಿಡಿ ಪೆಟ್ಟುಗಳನ್ನೂ, ಮೆಲ್ಲಗೆ, ಮಧ್ಯಮ, ಜೋರು ಹತ್ತತ್ತು ಸಲ ತೆಗೆದುಕೊಳ್ಳಿ. ಎಡಿಟ್ ಬದಲಾದಾಗ ಕೈಹಿಡಿಯುವುದು ಇವೇ. ಕಲಾವಿದರ ಸಂಭಾವನೆ, ಟೈಟಲ್‌ನಲ್ಲಿ ಹೆಸರು, ಎಲ್ಲೆಲ್ಲಿ ಬಳಸುತ್ತೀರಿ ಎಂಬುದನ್ನು ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಸಹಿ ಮಾಡಿಸಿ, ಒಂದು ಪ್ರತಿ ಅವರಿಗೇ ಕೊಡಿ.

ಪ್ರಶ್ನೆ: ಇಂಟರ್ನೆಟ್ಟಿನಲ್ಲಿ ಸಿಕ್ಕ ಜನಪದ ಹಾಡಿನ ಎರಡು ಸೆಕೆಂಡು ತುಣುಕು ಬಳಸಬಹುದೇ? ಜನಪದಕ್ಕೆ ಯಾರ ಹಕ್ಕೂ ಇಲ್ಲವಲ್ಲ.
(ಮುಂಬೈ, ಮಾಟುಂಗ)

ಉತ್ತರ: ಬೇಡ. ಧಾಟಿ ಜನಪದದ್ದಾದರೂ ಆ ಧ್ವನಿಮುದ್ರಣಕ್ಕೆ ಒಡೆಯರಿರುತ್ತಾರೆ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಎರಡು ಸೆಕೆಂಡಾದರೂ ಬರಹದ ಅನುಮತಿ ಪಡೆಯಿರಿ, ಇಲ್ಲವೇ ಹಾಡುವವರನ್ನು ಕರೆಸಿ ಹೊಸದಾಗಿ ಹಾಡಿಸಿ.

ಪ್ರಶ್ನೆ: ಕ್ಲೈಮ್ಯಾಕ್ಸ್‌ನಲ್ಲಿ ಸಂಗೀತ ಏರಿಸಿದರೆ ಮಾತು ಕೇಳದು, ಇಳಿಸಿದರೆ ದೃಶ್ಯ ಸಪ್ಪೆ. ಮಿಕ್ಸಿಂಗ್‌ನಲ್ಲಿ ಏನು ಮಾಡಬಹುದು?
(ಠಾಣೆ)

ಉತ್ತರ: ಮಿಕ್ಸಿಂಗ್‌ಗೆ ಬರುವಷ್ಟರಲ್ಲಿ ಅರ್ಧ ತಡವಾಗಿದೆ. ಮಾತಿನ ಸ್ಪಷ್ಟತೆ ಇರುವುದು 2ರಿಂದ 4 ಕಿಲೋಹರ್ಟ್ಸ್ ನಡುವೆ. ತಮಟೆ, ಚೆಂಡೆಯ ಚೂಪೂ, ಪಿಟೀಲಿನ ಮೇಲಿನ ಸ್ಥಾಯಿಯ ಹೊಳಪೂ ಅಲ್ಲೇ ಕುಳಿತಿವೆ. ಮಾತು ಬರುವ ಸಾಲುಗಳಲ್ಲಿ ಅವನ್ನು ತೆಗೆದು ಚೆಲ್ಲೋ ಮತ್ತು ಶ್ರುತಿ ಮಾತ್ರ ಬಿಡಿ, ಮಾತು ಮುಗಿದ ತಕ್ಷಣ ಚೆಂಡೆ ಬೀಳಲಿ. ಮಾತೂ ಕೇಳುತ್ತದೆ, ಪೆಟ್ಟೂ ದೊಡ್ಡದಾಗುತ್ತದೆ. ತಳದಲ್ಲೂ ಇದೇ ಜಗಳ. ಸ್ಫೋಟವೂ ದೊಡ್ಡ ಡೋಲೂ ಒಟ್ಟಿಗೆ 120 ಹರ್ಟ್ಸ್‌ಗಿಂತ ಕೆಳಗಿನ ಜಾಗಕ್ಕೆ ಬಂದರೆ ಎರಡೂ ಕೆಸರಾಗುತ್ತವೆ. ಯಾವ ಪೆಟ್ಟು ಸೌಂಡ್ ಡಿಸೈನರದ್ದು, ಯಾವುದು ಸಂಗೀತದ್ದು ಎಂದು ಇಬ್ಬರೂ ಕೂತು ದೃಶ್ಯ ನೋಡುತ್ತ ಹಂಚಿಕೊಳ್ಳಬೇಕು.

ಈಗಿನ ಮಟ್ಟಿಗೆ ಸಂಗೀತ ನಿರ್ದೇಶಕರಿಂದ ಬಿಡಿ ಸ್ಟೆಮ್ (ವಾದ್ಯದ ಗುಂಪಿಗೊಂದರಂತೆ ಬೇರೆ ಬೇರೆ ಫೈಲು) ತರಿಸಿಕೊಳ್ಳಿ: ಚೂಪು ತಾಳವಾದ್ಯ, ತಳದ ಡೋಲು, ಕೆಳಗಿನ ತಂತಿ, ಮೇಲಿನ ತಂತಿ, ಹಿತ್ತಾಳೆ, ಕಂಠ, ಸಿಂಥ್. ಒಂದೇ ಸ್ಟೀರಿಯೊ ಫೈಲ್ ಇದ್ದರೆ ಮಿಕ್ಸಿಂಗ್ ಎಂಜಿನಿಯರ್ ಎಲ್ಲವನ್ನೂ ಒಟ್ಟಿಗೆ ಇಳಿಸಬೇಕಾಗುತ್ತದೆ, ಸಪ್ಪೆಯಾಗಿದ್ದು ಅದಕ್ಕೇ. ಪ್ರತಿ ಸ್ಟೆಮ್ ಚಿತ್ರದ ಮೊದಲ ಫ್ರೇಮಿಗೆ ಎರಡು ಸೆಕೆಂಡು ಮುಂಚೆ ಒಂದು ಫ್ರೇಮ್ ಉದ್ದದ 1 ಕಿಲೋಹರ್ಟ್ಸ್ ‘ಬೀಪ್’ ಹೊತ್ತು ಬರಲಿ. ಏಳೂ ಬೀಪ್ ಒಂದೇ ಸಾಲಿನಲ್ಲಿ ಕೂತವೋ ಇಲ್ಲವೋ ನೋಡಿ, ಆಮೇಲೆ ಫೇಡರ್ ಮುಟ್ಟಿ.